ಏಳನೇ ನಂಬರಿನ ಸುಳ್ಳು

ಸುಳ್ಳು ಕಟ್ಟುವುದಕ್ಕೂ ತರಬೇತಿ ಕೊಡುತ್ತಾರೆ ಎಂದು ಅರುಂಧತಿಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಮಂಡ್ಯದ ಒಂದು ಹೋಟೆಲಿನ ಮಹಡಿ ಮೇಲಿನ ಹಾಲಿನಲ್ಲಿ ಹದಿನಾಲ್ಕು ಜನ ಕೂತಿದ್ದರು. ಎದುರಿಗೆ ವೀಣ ಮೇಡಂ. ಬೆಂಗಳೂರಿನವರು, ಹಳ್ಳಿಗಳಲ್ಲಿ ಸುಳ್ಳು ಸುದ್ದಿ ಹೇಗೆ ಹರಡುತ್ತದೆ ಎನ್ನುವುದನ್ನು ಹತ್ತು ವರ್ಷದಿಂದ ಅಳೆಯುತ್ತಿರುವವರು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅರವತ್ತು ಹಳ್ಳಿಗೆ ಹೋಗಿ ಜನರಿಗೆ ಹತ್ತು ಸಂದೇಶ ಓದಿ ಹೇಳಬೇಕು. ಒಂದೊಂದಕ್ಕೂ ‘ಇದನ್ನು ಮೊದಲೇ ಕೇಳಿದ್ದೀರಾ, ಇದು ನಿಜವೋ ಸುಳ್ಳೋ’ ಎಂದು ಕೇಳಿ ಉತ್ತರವನ್ನು ಟ್ಯಾಬಿನಲ್ಲಿ ಒತ್ತಬೇಕು. ಮೊದಲ ಆರು ಸಂದೇಶ ಆಗಲೇ ವಾಟ್ಸಾಪಿನಲ್ಲಿ ಓಡಾಡುತ್ತಿದ್ದ ಸುಳ್ಳುಗಳು. ಉಳಿದ ನಾಲ್ಕನ್ನು ಭೂಮಿಯ ಮೇಲೆ ಯಾರೂ ಕೇಳಿರಬಾರದು. ಅವನ್ನು ಅಲ್ಲೇ ಕೂತು ಹುಟ್ಟಿಸಬೇಕು. ಇವತ್ತು ಹುಟ್ಟಿದ ಸುಳ್ಳನ್ನು ‘ಹೋದ ವರ್ಷವೇ ಕೇಳಿದ್ದೆ’ ಅನ್ನುವವರು ಎಷ್ಟು ಜನ ಸಿಗುತ್ತಾರೆ ನೋಡೋಣ ಎನ್ನುವುದು ಮೇಡಂ ಆಸೆ.

“ನಿಮ್ಮ ಊರಿನ ಬಾಯಿಂದಲೇ ಬಂದ ಹಾಗಿರಬೇಕು. ಆದರೆ ಯಾರಿಗೂ ತೊಂದರೆ ಆಗಬಾರದು,” ಅಂದರು ಮೇಡಂ.

ಮದ್ದೂರು ಕಡೆಯ ನಾಗರಾಜು ಮೊದಲು ಬರೆದ. ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆ ಗೂಡು ಕಟ್ಟಿದ ಹುಣಸೆಮರದ ಹಣ್ಣು ತಿಂದರೆ ಶುಗರ್ ಇಳಿಯುತ್ತದಂತೆ. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು ‘ಇರಲಿ’ ಅಂದರು. ಅರುಂಧತಿ ನಗಲಿಲ್ಲ. ಮೈಸೂರಿನಲ್ಲಿ ಎಂ.ಎ. ಮಾಡಿ, ಎರಡು ವರ್ಷ ಅಲ್ಲಿ ಇಲ್ಲಿ ತಾತ್ಕಾಲಿಕ ಕೆಲಸ ಮಾಡಿ ಸುಸ್ತಾಗಿದ್ದ ಹುಡುಗಿ. ಈ ಮೇಡಂ ಕೈಕೆಳಗೆ ಪಿಎಚ್‌ಡಿ ಸೀಟು ಸಿಕ್ಕಿದರೆ ತನ್ನ ಬದುಕು ದಡ ಸೇರುತ್ತದೆ ಎಂದು ನಂಬಿದ್ದಳು. ಹದಿನಾಲ್ಕು ಸುಳ್ಳುಗಳಲ್ಲಿ ತನ್ನದೇ ಎದ್ದು ಕಾಣಬೇಕು ಅನ್ನುವ ಹಟ ಹಿಡಿದು ಕೂತಳು. ಜಾಣರ ಹಟ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದನ್ನು ಮುಂದೆ ನೀವೇ ನೋಡುವಿರಂತೆ.

ಅವಳಿಗೆ ಹೊಳೆದದ್ದು ಅವ್ವ. ಮಳವಳ್ಳಿ ತಾಲ್ಲೂಕಿನ ಕಟ್ಟೆಕೊಪ್ಪಲಿನಲ್ಲಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಚಿಕ್ಕಮಾದಮ್ಮ. ಅವಳಿಗೆ ಟಿಬಿ ಎಂದು ಗೊತ್ತಾಗಿ ಎರಡು ತಿಂಗಳಾಗಿತ್ತು. ಆರು ತಿಂಗಳು ದಿನ ತಪ್ಪದೆ ಮಾತ್ರೆ ನುಂಗಿದರೆ ಪೂರಾ ವಾಸಿ, ನಡುವೆ ಬಿಟ್ಟರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಊರಿನಲ್ಲಿ ಯಾರಿಗೂ ತಿಳಿಯಬಾರದೆಂದು ಅರುಂಧತಿ ಮಂಡ್ಯದಲ್ಲೇ ಹೆಸರು ಬರೆಸಿ, ತಿಂಗಳಿಗೊಮ್ಮೆ ಮಾತ್ರೆ ತಾನೇ ತಲುಪಿಸುತ್ತಿದ್ದಳು. ಅದೇ ಮನೆಯಲ್ಲಿದ್ದ ಅಣ್ಣ ಮಹದೇವುಗೂ ಹೇಳಿರಲಿಲ್ಲ, ಅತ್ತಿಗೆಗೂ ಹೇಳಿರಲಿಲ್ಲ. ಆ ಮಾತ್ರೆ ನುಂಗಿದವರಿಗೆ ಉಚ್ಚೆ ಕೆಂಪಗೆ ಹೋಗುತ್ತದೆ. ಮೊದಲ ದಿನ ಅದನ್ನು ಕಂಡು ಚಿಕ್ಕಮಾದಮ್ಮ ಹೌಹಾರಿದ್ದಳು. ಆಮೇಲೂ ಹಾಲು ಕರೆಯುವ ಮುಂಚೆ ಮೂರು ಮೂರು ಸಲ ಕೈ ತೊಳೆದು ಬೆರಳು ಮೂಸಿ ನೋಡಿಕೊಳ್ಳುತ್ತಿದ್ದಳು.

ಅರುಂಧತಿ ಬರೆದಳು: ‘ಟಿಬಿ ಮಾತ್ರೆ ನುಂಗುವವರು ಕರೆದ ಹಾಲು ಕುಡಿದ ಮಕ್ಕಳಿಗೆ ಆರು ತಿಂಗಳಲ್ಲಿ ಕಣ್ಣಿಗೆ ಪೊರೆ ಬರುತ್ತದೆ. ಮಾತ್ರೆಯ ಕೆಂಪು ಬೆವರಿನಲ್ಲಿ ಕೈಗೆ ಇಳಿದು ಹಾಲು ಸೇರುತ್ತದೆ.’

ಮೇಡಂ ಎರಡು ಸಲ ಓದಿದರು. “ಆ ಕೆಂಪು! ಇದು ಎಲ್ಲಿಂದ ಹೊಳೀತು ನಿನಗೆ?”

“ಸುಮ್ನೆ ಹೊಳೀತು ಮೇಡಂ.”

ಏಳನೇ ನಂಬರಿಗೆ ಅದೇ ಆಯ್ಕೆಯಾಯಿತು. ತೊಂದರೆ ಆಗುವುದಿಲ್ಲವೇ ಎಂದು ಹಿಂದಿನಿಂದ ಯಾರೋ ಕೇಳಿದ್ದಕ್ಕೆ ಮೇಡಂ ಒಂದು ಹಾಳೆ ಎತ್ತಿ ತೋರಿಸಿದರು. ಪ್ರತಿ ಮನೆಯಲ್ಲೂ ಕೊನೆಗೆ ಓದಬೇಕಾದ ಹಾಳೆ. ‘ಏಳರಿಂದ ಹತ್ತರವರೆಗಿನ ಸಂದೇಶಗಳು ಸುಳ್ಳು, ಅವನ್ನು ನಾವೇ ಕಟ್ಟಿದ್ದು’ ಎಂದು ಅದರಲ್ಲಿ ಬರೆದಿತ್ತು. ಬೇರೆ ದೇಶಗಳಲ್ಲೂ ಹೀಗೇ ಮಾಡುತ್ತಾರಂತೆ. ಮಧ್ಯಾಹ್ನ ಊಟಕ್ಕೆ ಮೇಡಂ ಅರುಂಧತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವಳಿಗೆ ಅವತ್ತು ಎಂಥ ಸಂತೋಷ ಅಂತೀರಿ!

ಸ್ವಂತ ಊರಿಗೆ ಹೋಗಿ ಪ್ರಶ್ನೆ ಕೇಳುವ ಹಾಗಿಲ್ಲ ಅನ್ನುವುದು ಕೆಲಸದ ನಿಯಮ. ಹಾಗಾಗಿ ಕಟ್ಟೆಕೊಪ್ಪಲು ನಾಗರಾಜು ಪಾಲಿಗೆ ಬಂತು. ಅವನು ಕೆಟ್ಟವನಲ್ಲ, ಅವಸರದವನು. ಸಂಜೆ ಮಂಡ್ಯಕ್ಕೆ ಬಂದು ಸಂಭ್ರಮದಿಂದ ವರದಿ ಒಪ್ಪಿಸಿದ.

“ಮನೆ ಮನೆ ಯಾಕ್ ಸುತ್ತೋದು ಅಂತ ಸೀದಾ ಡೈರಿ ತವ್ಕೇ ಹೋದೆ ಕಣಮ್ಮ. ಹಾಲು ಹಾಕಕ್ಕೆ ಹೆಂಗಸ್ರೆಲ್ಲ ಸಾಲಾಗಿ ನಿಂತಿದ್ರು. ಅಲ್ಲೇ ಜೋರಾಗಿ ಓದ್ದೆ. ಇಪ್ಪತ್ತು ಜನ ಒಂದೇ ಏಟ್ಗೆ ಮುಗುದ್ರು.”

“ಹಾಳೆ ಓದಿದ್ರಾ?”

“ಓದಕ್ಕೇಂತ ತೆಗ್ದೆ. ಅಷ್ಟೊತ್ಗೆ ಹಾಲಿನ ಗಾಡಿ ಬಂತು. ಎಲ್ರೂ ದಡಬಡ ಅಂತ ಎದ್ರು. ಇನ್ಯಾರ್ಗೆ ಓದ್ಲಿ, ಕ್ಯಾನ್‌ಗಳ್ಗ?”

ಅರುಂಧತಿ ನಕ್ಕಳು. ಆಮೇಲೆ ಆ ನಗುವನ್ನು ಎಷ್ಟು ಸಲ ನೆನೆಸಿಕೊಂಡು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳೋ! ಹಾಲಿನ ಕ್ಯಾನು ಹಿಡಿದು ನಿಂತವರ ಮುಂದೆ ಹಾಲಿನ ಸುಳ್ಳನ್ನು ಗಟ್ಟಿಯಾಗಿ ಓದಿ, ಅದು ಸುಳ್ಳು ಅನ್ನುವುದನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಪುಣ್ಯಾತ್ಮ.

ಹದಿನೈದು ದಿನಕ್ಕೆ ಅದು ಮೊಬೈಲಿಗೆ ಇಳಿಯಿತು. ಊರೂರಿನ ವಾಟ್ಸಾಪ್ ಗುಂಪುಗಳಿಗೆ ಸೇರಿಕೊಂಡು ಸುಮ್ಮನೆ ನೋಡುತ್ತಿರುವುದೂ ಅವರ ಕೆಲಸದ ಒಂದು ಭಾಗ. ಸ್ವಂತ ಊರಿನ ನಿಯಮ ಇದಕ್ಕಿಲ್ಲದ್ದರಿಂದ ಕಟ್ಟೆಕೊಪ್ಪಲು ಡೈರಿಯವರ ಗುಂಪು ಅರುಂಧತಿಯ ಪಾಲಿಗಿತ್ತು. ಒಂದು ಬೆಳಿಗ್ಗೆ ಡೈರಿ ಕಾರ್ಯದರ್ಶಿ ಅಂಬರೀಶ್ ಅಲ್ಲಿ ಹಾಕಿದ: ‘ಸರ್ಕಾರಿ ಸರ್ವೆಯವರು ಕೊಟ್ಟ ಎಚ್ಚರಿಕೆ.’ ಕೆಳಗೆ ಅವಳದೇ ವಾಕ್ಯ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. ಅದರ ಹಿಂದೆಯೇ ಅವನ ದನಿ ಬಂತು.

“ನಮ್ ಡೈರಿಗೆ ಕೆಟ್ಟೆಸ್ರು ಬರ್ಬಾರ್ದು. ನಾಳೆಯಿಂದ ಒಬ್ಬೊಬ್ರೂ ಹಾಲು ಮುಟ್ಟಿ ಆಣೆ ಮಾಡ್ಬೇಕು, ನಮ್ಮನೇಲಿ ಯಾರೂ ಆ ಮಾತ್ರೆ ತಗತಾ ಇಲ್ಲ ಅಂತ. ಆಣೆ ಮಾಡ್ದೆ ಇರೋರ ಹಾಲು ತಗಳದಿಲ್ಲ.”

ಅರುಂಧತಿಯವರ ಕೇರಿಯ ಹಾಲು ಮೇಲ್ಜಾತಿಯವರ ಹಾಲಿನ ಜೊತೆ ಒಂದೇ ಕ್ಯಾನಿಗೆ ಬೀಳತೊಡಗಿದ್ದು ಅವಳು ಹೈಸ್ಕೂಲಿಗೆ ಹೋಗುವ ಕಾಲಕ್ಕೆ. ಅದಕ್ಕಾಗಿ ನಡೆದ ಜಗಳ, ಪಂಚಾಯಿತಿ ಎಲ್ಲ ಅವಳ ಕಣ್ಣೆದುರಿಗೇ ಆದದ್ದು. ಮತ್ತೆ ಬೇರೆ ಮಾಡುವುದಕ್ಕೆ ಒಂದು ಮರ್ಯಾದಸ್ಥ ಕಾರಣಕ್ಕಾಗಿ ಕೆಲವರು ಕಾಯುತ್ತಿದ್ದರು. ಆ ಕಾರಣವನ್ನು ಇವಳೇ ಶುದ್ಧ ಕನ್ನಡದಲ್ಲಿ ಬರೆದುಕೊಟ್ಟಿದ್ದಳು.

ಮೊಬೈಲನ್ನು ಹಾಗೇ ಒಯ್ದು ಮೇಡಂಗೆ ತೋರಿಸಿದಳು. ಮೇಡಂ ಮುಖ ಅರಳಿತು. “ನಾವು ಹುಟ್ಟಿಸಿದ್ದು ತಾನಾಗಿ ನಡೀತಾ ಇದೆ! ಇಂಥದ್ದು ಯಾರಿಗೂ ಸಿಕ್ಕಿಲ್ಲ ಅರುಂಧತಿ. ಯಾರೂ ಕೈ ಹಾಕಬೇಡಿ, ತಿದ್ದಬೇಡಿ. ಮೂರು ತಿಂಗಳು ಅದು ಎಲ್ಲೆಲ್ಲಿಗೆ ಹೋಗುತ್ತೋ ನೋಡೋಣ. ಎರಡನೇ ಸುತ್ತಿನಲ್ಲಿ ಎಲ್ಲರಿಗೂ ಹಾಳೆ ಓದಿದರಾಯಿತು. ಪ್ರಬಂಧದಲ್ಲಿ ನಿನ್ನ ಹೆಸರೂ ಇರುತ್ತೆ.”

ಅರುಂಧತಿ ಬಾಯಿ ತೆರೆದಳು. ತನ್ನ ಹೆಸರೂ ಇರುತ್ತದೆ ಅನ್ನುವುದನ್ನು ಕೇಳಿ ಮುಚ್ಚಿದಳು. ಮನೆಯ ಮಟ್ಟಿಗೆ ತಾನು ಹೇಳಿದರಾಯಿತು ಅಂದುಕೊಂಡಳು. ಮಾರನೇ ದಿನ ರಾತ್ರಿ ಅಣ್ಣನ ಫೋನಿಗೆ ಮಾಡಿ ಅವ್ವನಿಗೆ ಕೊಡಿಸಿದಳು. ಅಣ್ಣ ಪಕ್ಕದಲ್ಲೇ ಇದ್ದುದರಿಂದ ಬಿಡಿಸಿ ಕೇಳುವ ಹಾಗಿರಲಿಲ್ಲ.

“ಡೈರೀಲಿ ಆಣೆ ಗೀಣೆ ಅಂತಿದ್ರಂತಲ್ಲವ್ವ?”

“ಊಂ ಕಣವ್ವ. ನಾನೂ ಮಾಡ್ದೆ.”

ಅರುಂಧತಿಗೆ ಹೋದ ಜೀವ ಬಂದಂತಾಯಿತು. ಪರವಾಗಿಲ್ಲ, ಅವ್ವ ಗಟ್ಟಿಗಿತ್ತಿ, ಸುಳ್ಳು ಆಣೆ ಮಾಡಿ ಪಾರಾದಳು ಅಂದುಕೊಂಡು ನೆಮ್ಮದಿಯಾಗಿ ಊಟ ಮಾಡಿದಳು. ಆ ನೆಮ್ಮದಿಗೆ ಬೆಂಕಿ ಬೀಳ! ಒಂಬತ್ತು ತಿಂಗಳು ಹೊತ್ತವಳು ಹಾಲು ಮುಟ್ಟಿ ಸುಳ್ಳು ಹೇಳುವ ಹೆಂಗಸೋ ಅಲ್ಲವೋ ಎಂದು ಬೇರೆ ಯಾರಿಗೆ ತಿಳಿಯದಿದ್ದರೂ ಇವಳಿಗೆ ತಿಳಿದಿರಬೇಕಿತ್ತು.

ತಿಂಗಳ ಕೊನೆಗೆ ಹೊಸ ಮಾತ್ರೆ ತೆಗೆದುಕೊಂಡು ಊರಿಗೆ ಹೋದಳು. ಅಣ್ಣ ಬ್ಲಫ್ ಎಂಬ ಊರಿನ ಪವರ್ ಸ್ಟೇಷನ್ನಿನ ಗುತ್ತಿಗೆ ಕೆಲಸಕ್ಕೆ ಹೋಗಿದ್ದ. ಅತ್ತಿಗೆ ಹೊಲದಲ್ಲಿದ್ದಳು. ಅಣ್ಣನ ಮೂರು ವರ್ಷದ ಮಗಳು ಚಂದನ ಅಜ್ಜಿಯ ಮಡಿಲಲ್ಲಿ ಕೂತು ಲೋಟದಲ್ಲಿ ಹಾಲು ಕುಡಿಯುತ್ತಿತ್ತು. ಅರುಂಧತಿ ಒಳಗೆ ಹೋಗಿ ರಾಗಿ ತುಂಬಿಡುವ ವಾಡೆಯ ಹಿಂದೆ ಬಚ್ಚಿಟ್ಟ ಡಬ್ಬಿ ತೆಗೆದಳು. ಹೋದ ತಿಂಗಳ ಮಾತ್ರೆಗಳಲ್ಲಿ ಮೂರು ದಿನದ್ದು ಮಾತ್ರ ಖಾಲಿಯಾಗಿತ್ತು.

“ಅವ್ವ, ಇದೇನವ್ವ? ಯಾಕೆ ತಗಂಡಿಲ್ಲ?”

“ಮೆತ್ಗೆ ಮಾತಾಡು. ಬುಟ್ಬುಟ್ಟೆ ಕಣವ್ವ.”

“ಬುಟ್ಬುಟ್ಟೆ ಅಂದ್ರೆ?”

“ಇನ್ನೇನ್ ಮಾಡ್ಲಿ? ಹಾಲು ಮುಟ್ಟಿ ಸುಳ್ ಹೇಳಾದಾ? ಅದ್ಕೇ ಬೆಳಗ್ಗೆ ಬುಟ್ಟೆ, ಸಂಜೆ ಓಗಿ ಆಣೆ ಮಾಡ್ದೆ. ಅಲ್ದೆ ಈ ಮಗ ನಮ್ಮ ಹಾಲೇ ತಾನೆ ಕುಡ್ಯಾದು? ಇದ್ರ ಕಣ್ಣು ಓಯ್ತು ಅಂದ್ರೆ ಯಾರ್ ತಂದ್ಕೊಟ್ಟಾರು?”

ಅರುಂಧತಿ ಅವ್ವನ ಎರಡೂ ಕೈ ಹಿಡಿದುಕೊಂಡಳು. “ಅವ್ವ, ಅದು ಸುಳ್ಳು. ನಾನೇ ಬರ್ದಿದ್ದು ಕಣವ್ವ. ಮಂಡ್ಯದಲ್ಲಿ ಕೂತ್ಕಂಡು ನನ್ ಕೈಯಾರೆ ನಾನೇ ಬರ್ದೆ.”

ಚಿಕ್ಕಮಾದಮ್ಮ ಮಗಳ ತಲೆ ಸವರಿದಳು. “ನಾನು ಬದುಕ್ಲಿ ಅಂತ ಎಂಥಾ ಸುಳ್ಳು ಹೇಳ್ತೀಯ ನೋಡು. ನಂಗೊತ್ತಾಗಕಿಲ್ವ?”

“ದಿಟ ಕಣವ್ವ!”

“ಸುಮ್ಕಿರು. ಟ್ಯಾಬು ಇಡ್ಕಂಡು ಡೈರಿ ಮುಂದೆ ನಿಂತು ಸಾರುದ್ರು. ನಿಮ್ಮಪ್ಪ ಪುಟ್ಟಮಾದಯ್ಯ ಮೂವತ್ತೊರ್ಸ ಈ ಊರಿಗೆ ತಮಟೆ ಬಡ್ದು ಸಾರುದ್ರು. ಪೋಲಿಯೋ ಹನಿ, ಕಂದಾಯ, ನಾಲೆ ನೀರು... ಒಂದ್ ದಿನಾನೂ ಸುಳ್ ಸಾರ್ಲಿಲ್ಲ. ಜನ ನಿಲ್ಸಿ ಹೇಳಾದ್ರಲ್ಲಿ ಸುಳ್ ಇರ್ತದಾ?”

ಅರುಂಧತಿ ಮೊಬೈಲು ತೆರೆದು ಆ ಕೊನೆಯ ಹಾಳೆಯನ್ನು ಓದಿದಳು. ಅವ್ವನಿಗೆ ಓದಲು ಬಾರದು. ನೀನು ನಿನಗೆ ಬೇಕಾದ ಹಾಗೆ ಓದುತ್ತೀಯ, ಅವತ್ತು ಓದಿದವರೇ ಬಂದು ಅಲ್ಲೇ ನಿಂತು ಸುಳ್ಳು ಅಂತ ಸಾರಲಿ, ಆವಾಗ ನುಂಗುತ್ತೇನೆ ಅಂದಳು. ಅವಳ ಮಾತು ಅಷ್ಟು ಸರಳವಾಗಿತ್ತು, ಅಷ್ಟು ನ್ಯಾಯವಾಗಿಯೂ ಇತ್ತು. ಅರುಂಧತಿ ಅಳುತ್ತಾ ಬಸ್ಸು ಹತ್ತಿದಳು.

ಅಷ್ಟಕ್ಕೇ ಬಿಡುವವಳಲ್ಲ. ಮುಂದಿನ ವಾರ ಅದೇ ಮಾತ್ರೆಗಳನ್ನು ಕವಚದಿಂದ ಬಿಡಿಸಿ ಬೇರೆ ಸೀಸೆಯಲ್ಲಿ ತುಂಬಿ, ಇದು ಶಕ್ತಿಯ ಮಾತ್ರೆ, ಆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿ ತಾನೇ ಅವ್ವನ ಬಾಯಿಗೆ ಹಾಕಿದಳು. ಚಿಕ್ಕಮಾದಮ್ಮ ನಂಬಿ ನುಂಗಿದಳು. ಮಾರನೇ ದಿನ ಉಚ್ಚೆ ಕೆಂಪಗೆ ಹೋಯಿತು. ಆಣೆ ಮಾಡಿದ ಬಾಯಿಗೆ ಮಗಳೇ ಮೋಸ ಮಾಡಿದಳು ಎಂದು ಆ ಹೆಂಗಸು ಹಟ್ಟಿಯಲ್ಲಿ ಕೂತು ಗೋಳಾಡಿದಳು. ಅವತ್ತಿನಿಂದ ಮಗಳು ನೀರು ಕೊಟ್ಟರೂ ಲೋಟ ಬಗ್ಗಿಸಿ ನೋಡಿ ಕುಡಿಯತೊಡಗಿದಳು.

ಆಮೇಲೆ ಮೇಡಂ ಹತ್ತಿರ ಹೋದಳು. ಅವ್ವನ ಕಾಯಿಲೆಯನ್ನು ಹೇಳಿದಳು. ಒಂದೇ ಒಂದು ಊರಿನಲ್ಲಿ ಹಾಳೆ ಓದಿಸಿ ಎಂದು ಕೇಳಿದಳು. ಮೇಡಂ ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು. ಅವರಿಗೆ ನಿಜಕ್ಕೂ ಮರುಕವಾಯಿತು, ಕಣ್ಣಲ್ಲಿ ನೀರೂ ಬಂತು.

“ನಿಮ್ಮ ತಾಯಿಯನ್ನ ಒಳ್ಳೆ ಡಾಕ್ಟರಿಗೆ ತೋರಿಸೋಣ, ನಾನೇ ಫೋನ್ ಮಾಡ್ತೀನಿ. ಆದರೆ ಹಾಳೆ ಈಗ ಓದಿದರೆ ಆ ಊರು ನಮ್ಮ ಕೈತಪ್ಪುತ್ತೆ. ಸುದ್ದಿ ಹುಟ್ಟಿದ್ದೇ ಅಲ್ಲಿ. ಮಧ್ಯೆ ಕೈಹಾಕಿದವರನ್ನ ನಾನು ಜೊತೆಯಲ್ಲಿಟ್ಟುಕೊಳ್ಳೋ ಹಾಗೂ ಇಲ್ಲ. ಇನ್ನು ಎರಡು ತಿಂಗಳು ಅಷ್ಟೇ. ಅರ್ಥ ಮಾಡ್ಕೋತೀಯಲ್ಲ?”

ಅರ್ಥ ಮಾಡಿಕೊಂಡಳು. ಅವಳು ಜೀವನದಲ್ಲಿ ಮಾಡಿದ ಅತಿ ದೊಡ್ಡ ಪಾಪ ಅದೇ.

ಹೊರಗೆ ನಾಗರಾಜು ಬೈಕಿನ ಹತ್ತಿರ ನಿಂತಿದ್ದ. ಎಲ್ಲ ಕೇಳಿ ಜೇಬಿನಿಂದ ಕೀಲಿ ತೆಗೆದ. “ಓದಿದ್ದು ನಾನು, ಸುಳ್ಳು ಅಂತ ನಾನೇ ಹೇಳ್ತೀನಿ. ಹತ್ತಮ್ಮ ಬೈಕು. ಮೇಡಂ ಕೆಲಸದಿಂದ ತೆಗುದ್ರೆ ತೆಗೀಲಿ, ಅತ್ಲಾಗೆ.”

ಹತ್ತಿದ್ದರೆ ಒಂದೂವರೆ ಗಂಟೆಯ ದಾರಿ. ಸಂಜೆಯ ಹಾಲಿನ ಹೊತ್ತಿಗೆ ತಲುಪಿಬಿಡುತ್ತಿದ್ದರು. ಅರುಂಧತಿ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ಡೈರಿ ಮುಂದೆ ಇವನು ಬಾಯಿ ತೆರೆದ ಮರುಕ್ಷಣ ಗುಂಪಿಗೆ ಬರುತ್ತದೆ, ಗುಂಪಿಗೆ ಬಂದದ್ದು ಮೇಡಂಗೆ ಕಾಣುತ್ತದೆ. ಸೀಟು ಹೋಗುತ್ತದೆ, ಹೆಸರು ಹೋಗುತ್ತದೆ. ಅವ್ವ ನೋಡಿದರೆ ಓಡಾಡಿಕೊಂಡೇ ಇದ್ದಾಳೆ, ಕೆಮ್ಮೂ ಅಷ್ಟಿಲ್ಲ.

“ಎರಡು ತಿಂಗಳು ತಾನೆ, ನಾಗರಾಜು,” ಅಂದಳು. “ತಡ್ಕೊಳ್ತಾಳೆ.”

ನಾಗರಾಜು ಬೈಕು ಸ್ಟಾರ್ಟ್ ಮಾಡಿ ಒಬ್ಬನೇ ಮದ್ದೂರಿನ ಕಡೆ ಹೊರಟುಹೋದ.

ಏಳನೇ ಸಂದೇಶ ಹತ್ತೊಂಬತ್ತು ಹಳ್ಳಿ ಮುಟ್ಟಿತು. ಮೇಡಂ ಅದಕ್ಕೊಂದು ನಕ್ಷೆ ಬರೆಸಿ, ಬಾಣದ ಗುರುತು ಹಾಕಿಸಿ, ದೆಹಲಿಯ ಸಮ್ಮೇಳನದಲ್ಲಿ ತೋರಿಸಿದರು. ಲೇಖಕರ ಸಾಲಿನಲ್ಲಿ ಅರುಂಧತಿಯದು ಮೂರನೇ ಹೆಸರು. ಅದೇ ವಾರ ಚಿಕ್ಕಮಾದಮ್ಮ ಹಾಲು ಕರೆಯುತ್ತ ಕೂತಲ್ಲೇ ರಕ್ತ ಕಾರಿಕೊಂಡಳು. ದೊಡ್ಡಾಸ್ಪತ್ರೆಯ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ನಡುವೆ ಬಿಟ್ಟದ್ದರಿಂದ ಹಳೆಯ ಮಾತ್ರೆಗೆ ಕಾಯಿಲೆ ಬಗ್ಗುತ್ತಿಲ್ಲ, ಒಂದು ಕಡೆಯ ಶ್ವಾಸಕೋಶ ಹೋಗಿದೆ, ಹೊಸ ಔಷಧಿ ಹಿಡಿದರೂ ಭರವಸೆ ಕೊಡಲಾರೆ ಅಂದರು. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದರು. ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದ ಚಂದನಳ ಎದೆಯಲ್ಲೂ ಅದೇ ಕಾಯಿಲೆ ಕಂಡಿತು. ಕಣ್ಣು ಉಳಿಯಲಿ ಎಂದು ಮಾತ್ರೆ ಬಿಟ್ಟವಳಿಂದಲೇ ಮಗುವಿಗೆ ಬಂದಿತ್ತು.

ಮಹದೇವು ತಂಗಿಯ ಮೇಲೆ ಹರಿಹಾಯ್ದ. “ಒಂದ್ ಮಾತು ನಂಗೇಳಕ್ಕೆ ಏನಮ್ಮಿ ಬಂದಿತ್ತು ನಿಂಗೆ? ಓದ್ದೋಳಲ್ವಾ ನೀನು?” ಮಗುವನ್ನೂ ಹೆಂಡತಿಯನ್ನೂ ಕರೆದುಕೊಂಡು ಬ್ಲಫ್‌ನಲ್ಲಿ ಬಾಡಿಗೆ ಮನೆ ಹಿಡಿದ. ಅರುಂಧತಿ ರಜೆ ಹಾಕಿ ಅವ್ವನ ಹಾಸಿಗೆಯ ಪಕ್ಕದಲ್ಲಿ ಕೂತಳು.

ಎರಡನೇ ಸುತ್ತು ಬಂತು. ಕಟ್ಟೆಕೊಪ್ಪಲಿಗೆ ಮತ್ತೆ ನಾಗರಾಜುವೇ ಬಂದ. ಡೈರಿಯ ಮುಂದೆ ಗಾಡಿ ಬರುವುದಕ್ಕೆ ಅರ್ಧ ಗಂಟೆ ಮುಂಚೆಯೇ ನಿಂತು, ಹಾಳೆಯನ್ನು ಎರಡು ಸಲ ಓದಿದ. ಜನ ಕೇಳಿದರು. ಅಂಬರೀಶ್ ‘ಆವಾಗ ಅಂಗಂದ್ರಿ, ಈಗ ಇಂಗಂತೀರ’ ಎಂದು ನಕ್ಕು ಹಾಲು ಅಳೆಯಲು ಕೂತ. ಅಲ್ಲಿಂದ ನಾಗರಾಜು ಮನೆಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಾಸಿಗೆಯ ಹತ್ತಿರ ನೆಲಕ್ಕೆ ಕೂತು, ಚಿಕ್ಕಮಾದಮ್ಮನಿಗೊಬ್ಬಳಿಗೇ ಮತ್ತೊಮ್ಮೆ ಓದಿದ. “ಅದು ಸುಳ್ಳು ಕಣವ್ವ. ನಾವೇ ಕಟ್ಟಿದ್ದು. ಅವತ್ತೇ ಹೇಳ್ಬೇಕಿತ್ತು, ತಪ್ಪಾಯ್ತು.”

ಚಿಕ್ಕಮಾದಮ್ಮನ ಉಸಿರು ಎಳೆಯುತ್ತಿತ್ತು. ಮಗಳ ಕಡೆ ತಿರುಗಿದಳು.

“ಅಂಗಾರೆ ಅವತ್ತು ನೀನೇಳಿದ್ದು ದಿಟವಾ? ನೀನೇ ಬರ್ದಿದ್ದಾ?”

ನಾಗರಾಜು ತಲೆ ತಗ್ಗಿಸಿದ. ಹೌದು ಅನ್ನುವ ಒಂದು ಮಾತು ಉಳಿದಿತ್ತು, ಅದನ್ನು ಹೇಳಲು ಅರುಂಧತಿಗೆ ಎದೆ ಸಾಲಲಿಲ್ಲ.

“ಇಲ್ಲ ಕಣವ್ವ. ನೀನು ಮಾತ್ರೆ ನುಂಗ್ಲಿ ಅಂತ ಅಂಗಂದೆ. ಬೆಂಗಳೂರಿನೋರು ಯಾರೋ ಬರ್ದಿದ್ದು.”

ಇದನ್ನು ಮಾತ್ರ ಚಿಕ್ಕಮಾದಮ್ಮ ತಕ್ಷಣ ನಂಬಿದಳು. “ಅದೇ ಅಂದ್ಕಂಡೆ. ನನ್ ಒಟ್ಟೇಲಿ ಉಟ್ಟಿದ್ದು ಅಂಗೆಲ್ಲ ಬರ್ದಾತಾ?” ಅಂದು, ಒಣಗಿದ ಎರಡೂ ಕೈ ಜೋಡಿಸಿ ಮಂಚದ ಅಂಚಿಗೆ ಒತ್ತಿ ನೆಟಿಕೆ ಮುರಿದಳು. ಬೆರಳು ಲಟಲಟ ಅಂದವು.

“ನನ್ ಮಗೀನ ಎದೇಲಿ ಈ ಕಾಯ್ಲೆ ಇಟ್ಟೋರು ಯಾರೇ ಆಗಿರ್ಲಿ, ಅವ್ರು ಹೆತ್ತೋರ ಬಾಯ್ಗೆ ನೀರು ಬುಡಕ್ಕೂ ಸಿಗ್ದಂಗೆ ಆಗೋಗ್ಲಿ. ಅವ್ರ ಒಟ್ಟೆ ಬಂಜೆ ಬೀಳ್ಲಿ. ಬರ್ದ ಕೈ ಉಳ ಬಿದ್ದು ಉದ್ರೋಗ್ಲಿ...”

ಕೆಮ್ಮು ಬಂತು. ಅರುಂಧತಿ ಬಟ್ಟೆ ಹಿಡಿದಳು. ಬಟ್ಟೆ ಕೆಂಪಾಯಿತು. ಚಿಕ್ಕಮಾದಮ್ಮ ಮಗಳ ಮಣಿಕಟ್ಟು ಹಿಡಿದುಕೊಂಡು ಸುಧಾರಿಸಿಕೊಂಡಳು.

“ನಂಗೆ ಉಸ್ರಿಲ್ಲ ಕಣವ್ವ. ನೀನಾರ ಊಂ ಅನ್ನು. ಒಬ್ರಾದ್ರೂ ಊಂ ಅಂದ್ರೆ ತಟ್ತದೆ.”

ಅರುಂಧತಿ ನಾಗರಾಜುವಿನ ಕಡೆ ನೋಡಿದಳು. ಅವನು ಎದ್ದು ಹೊರಗೆ ಹೋದ.

“ಅನ್ನವ್ವ,” ಅಂದಳು ತಾಯಿ.

“ಊಂ,” ಅಂದಳು ಅರುಂಧತಿ.